ಬೂಷ್ಟಿನ ಮಲಿ

ಅಕ್ಕ ಫುವಾಂಗ್ ಕೈಹಿಡಿದು ಎಳೆದುಕೊಂಡು ಹೋಗಿ ಸರ್ಕಾರಿ ಮಣ್ಣಿನ ಕಚೇರಿಯ ಪಿಕಪ್ ಗಾಡಿ ಹತ್ತಿಸಿದಾಗ ಎಲ್ಲಿಗೆ ಎಂದು ಮಲಿಚನ್ ಕೇಳಲಿಲ್ಲ. ಹತ್ತು ಎಂದರು, ಹತ್ತಿದಳು. ಕೂರು ಎಂದರು, ಸ್ಟೆಪ್ನಿ ಟೈರಿನ ಮೇಲೆ ಕೂತಳು. ಒಂದು ವರ್ಷದಿಂದ ಅವಳು ಹಾಗೇ ಇದ್ದಳು. ಉಣ್ಣು ಎಂದರೆ ಉಣ್ಣುವಳು, ಏಳು ಎಂದರೆ ಏಳುವಳು. ಯಾರೂ ಏನೂ ಹೇಳದಿದ್ದರೆ ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಯ ಅಡಿಯ ನೆರಳಲ್ಲಿ, ಬಿದಿರಿನ ಮಂಚದ ಮೇಲೆ ಕೂತೇ ಇರುವಳು.

"ಅಲ್ಲಿ ಮಡಕೆಗೆ ಮಣ್ಣು ತುಂಬೋ ಕೆಲಸ ಇದೆಯಂತೆ," ಫುವಾಂಗ್ ಗಾಡಿಯ ಪಕ್ಕ ನಿಂತು ಹೇಳಿದಳು. "ಇಲ್ಲಿ ಸುಮ್ನೆ ಕೂತಿರ್ತೀಯಲ್ಲ, ಅಲ್ಲೂ ಕೂತಿರು. ಕೈಗಾದ್ರೂ ಏನಾದ್ರೂ ಸಿಗುತ್ತೆ."

"ಹೂಂ."

"ಹೂಂ ಅಂತೆ. ಬುದ್ಧನ ಮುಂದೆ ಹಚ್ಚಿಟ್ಟ ಮೇಣದ ಬತ್ತಿ ಆದ್ರೂ ಗಾಳಿ ಬಂದ್ರೆ ಸ್ವಲ್ಪ ಅಲ್ಲಾಡುತ್ತೆ ಕಣೇ."

ಗಾಡಿ ಹೊರಟಿತು. ಮಲಿಚನ್ ತಿರುಗಿ ನೋಡಲಿಲ್ಲ.

ಅವರ ಊರು ನೋನ್ ಕ್ಲುವಾ ಎಂದರೆ, ದೇಶದ ಈಶಾನ್ಯ ಸೀಮೆಯಾದ ಈಸಾನಿನ ಮಾತಿನಲ್ಲಿ, ಉಪ್ಪಿನ ದಿಣ್ಣೆ. ಮಳೆ ನಿಂತು ಗಾಳಿ ಒಣಗಿತೆಂದರೆ ಆ ಊರಿನ ತಗ್ಗಿನ ಗದ್ದೆಗಳೆಲ್ಲ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳುಪೇರುತ್ತವೆ. ಹೆಂಗಸರು ಆ ಬಿಳಿ ಮಣ್ಣನ್ನು ಕೆರೆದು, ತೊಟ್ಟಿಗೆ ಸುರಿದು, ನೀರು ಹಾಯಿಸಿ, ಇಳಿದ ರಸವನ್ನು ತಗಡಿನ ಬಾಣಲೆಯಲ್ಲಿ ಕಾಯಿಸಿ ಉಪ್ಪು ತೆಗೆಯುತ್ತಾರೆ. ಮಲಿಚನ್‌ಳ ಅಜ್ಜಿ ತೆಗೆದಳು, ಅಮ್ಮ ತೆಗೆದಳು, ಅವಳೂ ತೆಗೆದಳು. ಅಲ್ಲಿಯ ರೂಢಿಯಂತೆ, ಕಿರಿಯ ಮಗಳಾದ್ದರಿಂದ ಮನೆಯೂ ತಗ್ಗಿನ ಗದ್ದೆಯೂ ಅವಳ ಪಾಲಿಗೆ ಬಂದವು. ಗದ್ದೆ ಎನ್ನುವುದು ಹೆಸರಿಗೆ ಮಾತ್ರ. ಅದರಲ್ಲಿ ಭತ್ತ ತೆನೆಕಟ್ಟಿದ್ದನ್ನು ಅವಳು ಕಂಡೇ ಇರಲಿಲ್ಲ.

ಗಂಡ ಸಂಗ್ವಿಯನ್ ಚೀ ನದಿಯ ಆಚೆ ದಡದವನು. ಆ ಸೀಮೆಯ ಪದ್ಧತಿಯಂತೆ ಮದುವೆಯಾಗಿ ಹೆಂಡತಿಯ ಮನೆಗೆ ಬಂದ. ಮೊದಲ ದಿನ ಊಟಕ್ಕೆ ಕೂತು, "ಉಪ್ಪಿನವರ ಮನೆಗೆ ಅಳಿಯನಾಗಿ ಬಂದೆ, ಸಾರಿಗೇ ಉಪ್ಪಿಲ್ಲ" ಎಂದು ನಗಿಸಿದ್ದ. ಮಕ್ಕಳಾಗಲಿಲ್ಲ. ಅದಕ್ಕೆ ಇಬ್ಬರೂ ಹೆಚ್ಚು ಮಾತಾಡಿದವರಲ್ಲ. ಯಾರೋ ಹೊರಗಿನವರು ಬಂದು ಅವಳ ಗದ್ದೆಯ ಅಂಚಿಗೆ ಬೋರು ಕೊರೆದು, ನೆಲದಾಳದ ಉಪ್ಪುನೀರನ್ನು ಪಂಪಿನಿಂದ ಎತ್ತಿ ಮಡಿಗಳಲ್ಲಿ ಒಣಗಿಸತೊಡಗಿದಾಗ ಸಂಗ್ವಿಯನ್ ಆ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಕೆಲವು ವರ್ಷ ನಡೆಯಿತು. ನೆಲದೊಳಗಿನ ಉಪ್ಪು ಕರಗಿ ಮೇಲೆ ಬರುತ್ತಿದ್ದರೆ ಕೆಳಗೆ ಏನು ಉಳಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಒಂದು ಬೆಳಗ್ಗೆ ಪಂಪಿನ ಗುಡಿಸಲು, ಪಂಪು, ಸಂಗ್ವಿಯನ್ ಮೂರೂ ಒಟ್ಟಿಗೆ ನೆಲದೊಳಗೆ ಇಳಿದುಹೋದವು. ಬಾವಿಯ ಹಾಗೆ ದುಂಡನೆಯ ಗುಂಡಿ ಉಳಿಯಿತು. ಸಂಜೆಯ ಹೊತ್ತಿಗೆ ಅದರಲ್ಲಿ ಹಸಿರು ನೀರು ತುಂಬಿತ್ತು.

ಹಗ್ಗ ಇಳಿಸಿದರು, ಮುಳುಗುವವರು ಬಂದರು, ಏನೂ ಸಿಗಲಿಲ್ಲ. ಗುಂಡಿಯ ಪಕ್ಕ ಉಳಿದ ಬೋರಿಗೆ ಸಿಮೆಂಟು ಸುರಿದು ಮುಚ್ಚಿ ಅದರ ಮಾಲೀಕ ಊರು ಬಿಟ್ಟ. ಭಿಕ್ಕುಗಳು ಗುಂಡಿಯ ಅಂಚಿನಿಂದ ಬಿಳಿ ದಾರ ಎಳೆದು, ಸಂಗ್ವಿಯನ್‌ನ ಅಂಗಿಯೊಂದಕ್ಕೆ ಅವನ ಜೀವವನ್ನು ಕರೆದರು. ದಾರದ ಇನ್ನೊಂದು ತುದಿ ಮಲಿಚನ್‌ಳ ಕೈಯಲ್ಲಿತ್ತು. ಆಮೇಲೆ ಅಂಗಿಯನ್ನು ಸುಟ್ಟರು. ಊರವರು ಅವಳ ಮುಖವನ್ನೇ ನೋಡುತ್ತಿದ್ದರು. ಅಳು ಬರುತ್ತದೆ ಎಂದು ಅವಳೂ ಕಾದಳು, ಬಸ್ಸಿಗೆ ಕಾದ ಹಾಗೆ. ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡು ಮನೆಗೆ ಹೋಗಿ ಮಲಗಿದಳು.

ಮಣ್ಣಿನ ಕಚೇರಿಯ ಕೆಲಸ ಕಷ್ಟದ್ದೇನಲ್ಲ. ನದಿ ಮರಳನ್ನು ಜರಡಿ ಹಿಡಿಯಬೇಕು. ಅದರೊಳಗಿನ ಜೀವವೆಲ್ಲ ಸಾಯುವಂತೆ ಡ್ರಮ್ಮಿನಲ್ಲಿ ಹಬೆಗೆ ಬೇಯಿಸಬೇಕು. ಆರಿದ ಮೇಲೆ ಮಡಕೆಗೆ ತುಂಬಿ, ನಡುವೆ ಹಿಂದಿನ ಗಿಡಗಳ ಬೇರುಮಣ್ಣು ಒಂದು ಹಿಡಿ ಹಾಕಿ, ಅದರ ಮೇಲೆ ಮೆಕ್ಕೆಜೋಳದ ಬೀಜ ಇಡಬೇಕು. ಉಪ್ಪು ಕಾಯಿಸಿದ ಕೈ ಆದ್ದರಿಂದ ಡ್ರಮ್ಮಿನ ಬೆಂಕಿ ಮಲಿಚನ್‌ಳ ಪಾಲಿಗೆ ಬಂತು. ಉರಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಯಾರೂ ಅವಳಿಗೆ ಹೇಳಬೇಕಾಗಲಿಲ್ಲ. ಉಳಿದ ಹೆಂಗಸರು ಪರಂಗಿಕಾಯಿ ಕುಟ್ಟಿಕೊಂಡು ತಿನ್ನುತ್ತಾ, ಒಬ್ಬರ ಗಂಡನನ್ನು ಇನ್ನೊಬ್ಬರು ಆಡಿಕೊಳ್ಳುತ್ತಾ ಇರುವಾಗ ಅವಳು ಬೆಂಕಿ ನೋಡುತ್ತಾ ಕೂರುತ್ತಿದ್ದಳು. ಅವಳು ಬಂದರೆ ಅವರು ಗಂಡಂದಿರ ಮಾತು ನಿಲ್ಲಿಸುತ್ತಿದ್ದರು. ಅದು ಅವಳಿಗೆ ತಿಳಿಯುತ್ತಿತ್ತು, ನೋಯುತ್ತಿರಲಿಲ್ಲ.

ಕೆಲಸದ ಮೇಲ್ವಿಚಾರಣೆ ಅಚರಾ ಎಂಬವಳದು. ಮಣ್ಣಿನ ವಿಷಯವನ್ನೇ ಓದಿ ಬಂದವಳು, ಮಲಿಚನ್‌ಗಿಂತ ತುಂಬ ಚಿಕ್ಕವಳು. ಒಂದು ದಿನ ಡ್ರಮ್ಮಿನ ಹತ್ತಿರ ಬಂದು ಕೂತಳು.

"ಅಕ್ಕ, ಮಡಕೆಗೆ ಏನು ಹಾಕ್ತಿದೀವಿ ಅಂತ ನೀವು ಕೇಳಲೇ ಇಲ್ಲ. ಎಲ್ರೂ ಕೇಳಿದ್ರು."

"ಹಾಕು ಅಂದ್ರಿ, ಹಾಕ್ದೆ."

"ಮಳೆ ಬಿದ್ದ ಮೇಲೆ ಕಾಡಿಗೆ ಹೋಗಿ ಅಣಬೆ ಆರಿಸ್ತೀರಲ್ಲ, ಆ ಬೇರುಮಣ್ಣಲ್ಲಿ ಇರೋದೂ ಅದೇ ಪೈಕಿ. ಆದ್ರೆ ಇದು ಯಾವತ್ತೂ ನೆಲದ ಮೇಲೆ ತಲೆ ಎತ್ತಲ್ಲ. ಗಿಡದ ಬೇರಿನ ಒಳಗೇ ಹೊಕ್ಕು ಕೂತ್ಕೊಳ್ಳುತ್ತೆ. ಅಲ್ಲಿಂದ ಸಣ್ಣ ಸಣ್ಣ ನೂಲು ಬಿಡುತ್ತೆ. ಬೇರಿನ ಕೈ ಎಲ್ಲಿಗೆ ಎಟುಕಲ್ವೋ ಅಲ್ಲಿಗೆ ನೂಲು ಹೋಗಿ ನೀರು, ಸತ್ವ ತಂದು ಕೊಡುತ್ತೆ. ಗಿಡ ಅದಕ್ಕೆ ಬದಲಾಗಿ ಸಿಹಿ ಉಣಿಸುತ್ತೆ."

ಮಲಿಚನ್ ಒಂದು ಕೊಳ್ಳಿಯನ್ನು ಒಳಗೆ ತಳ್ಳಿದಳು. "ಉಪ್ಪನ್ನ ತಿಂದುಹಾಕುತ್ತಾ?"

"ಇಲ್ಲ. ಉಪ್ಪು ಎಲ್ಲಿದೆಯೋ ಅಲ್ಲೇ ಇರುತ್ತೆ. ಗಿಡ ಅದರ ಜೊತೆಗೆ ಬದುಕೋ ಹಾಗೆ ಮಾಡುತ್ತೆ, ಅಷ್ಟೆ."

ಅಚರಾ ಅವಳನ್ನು ಒಳಗೆ ಕರೆದುಕೊಂಡು ಹೋಗಿ ನೀಲಿ ಬಣ್ಣ ಹಚ್ಚಿದ ಬೇರಿನ ಎಳೆಯೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಬೇರಿನೊಳಗೆ ಗೋಜಲು ನೂಲು, ಅಲ್ಲಲ್ಲಿ ದುಂಡನೆಯ ಕಾಳು. ಮಲಿಚನ್ ಬಹಳ ಹೊತ್ತು ನೋಡಿ, "ಹೂಂ, ಇದೆ" ಎಂದಳು. ಅಚರಾ ಇನ್ನೂ ಏನೋ ಮಾತಿಗಾಗಿ ಕಾದಳು. ಮಲಿಚನ್ ಬೆಂಕಿಯ ಹತ್ತಿರಕ್ಕೆ ವಾಪಸ್ಸಾದಳು.

ಮೆಕ್ಕೆಜೋಳ ಆಳೆತ್ತರ ಬೆಳೆದು ನಿಂತಾಗ ಅಚರಾ ನೀರು ನಿಲ್ಲಿಸಲು ಹೇಳಿದಳು. ಹಸಿರಾಗಿದ್ದ ಗಿಡಗಳು ಎಲೆ ಸುರುಟಿಕೊಂಡು ಒಣಗತೊಡಗಿದವು. ಇಷ್ಟು ಚೆಂದದ ಜೋಳ ಎಂದು ಹೆಂಗಸರು ಮರುಗಿದರು. ಗಿಡ ಸಾಯುತ್ತಿದೆ ಎಂದು ತಿಳಿದ ಮೇಲೇ ಆ ಶಿಲೀಂಧ್ರ ತನ್ನ ಕಾಳುಗಳನ್ನು ಹೆಚ್ಚಾಗಿ ಕಟ್ಟುತ್ತದೆ, ಆ ಕಾಳುಗಳಿಂದಲೇ ಮುಂದಿನ ಗಿಡಕ್ಕೆ ಹತ್ತಬೇಕು ಎಂದು ಅಚರಾ ವಿವರಿಸಿದಳು. ಆಮೇಲೆ ಗಿಡ ಕತ್ತರಿಸಿ, ಬೇರನ್ನು ಸಣ್ಣಗೆ ಕೊಚ್ಚಿ, ಅದೇ ಮರಳಿಗೆ ಬೆರೆಸಿ ಚೀಲಕ್ಕೆ ತುಂಬಿದರು. ಕೊಚ್ಚುವ ಕೆಲಸ ಯಾರಿಗೂ ಬೇಡವಾಗಿತ್ತು. ಮಲಿಚನ್ ಕೂತು ಕೊಚ್ಚಿದಳು.

ಶಿಲೀಂಧ್ರ ಊರವರ ಬಾಯಲ್ಲಿ ಬೂಷ್ಟಾಯಿತು, ಅವಳಿಗೆ ಬೂಷ್ಟಿನ ಮಲಿ ಎಂದು ಹೆಸರು ಬಿತ್ತು.

ಚೀಲಗಳು ತುಂಬಿದ ಮೇಲೆ ಗಿಡ ನೆಟ್ಟು ನೋಡಲು ಉಪ್ಪು ಹತ್ತಿದ ನೆಲ ಬೇಕಾಯಿತು. ಎಲ್ಲಕ್ಕಿಂತ ಕೆಟ್ಟ ನೆಲವನ್ನೇ ಕೊಡಿ ಎಂದು ಅಚರಾ ಊರ ಮುಖಂಡನನ್ನು ಕೇಳಿದಳಂತೆ. ಎಲ್ಲಕ್ಕಿಂತ ಕೆಟ್ಟ ನೆಲ ಯಾರದು ಎಂದು ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ಯಾರೂ ಸಿದ್ಧರಿರಲಿಲ್ಲ. ಗುಂಡಿ ಬಿದ್ದಾಗಿನಿಂದ ಆ ಕಡೆಗೆ ದನ ಮೇಯಿಸಲೂ ಹೋಗುತ್ತಿರಲಿಲ್ಲ. ಹಾಗೆ ಸತ್ತವನ ಜೀವ ಅಲ್ಲೇ ಇರುತ್ತದೆ ಎಂಬ ಭಯ. ಗಾಡಿಯಲ್ಲಿ ವಾಪಸ್ಸು ಬರುವಾಗ ಮಲಿಚನ್ ತಾನೇ ಹೇಳಿದಳು.

"ನನ್ನ ಕೆಳಗಿನ ಗದ್ದೆ ಇದೆಯಲ್ಲ ಮೇಡಂ."

ಅಚರಾ ಅವಳ ಕಡೆಗೆ ತಿರುಗಿದಳು. "ನಿಮಗೆ ಪರವಾಗಿಲ್ವಾ ಅಕ್ಕ?"

"ಖಾಲಿ ಬಿದ್ದಿದೆ," ಎಂದಳು ಮಲಿಚನ್.

ಸುದ್ದಿ ನದಿ ದಾಟಿತು. ವಾರ ತುಂಬುವುದರೊಳಗೆ ಸಂಗ್ವಿಯನ್‌ನ ತಾಯಿ ಲೂನ್, ಒಂದು ಬಟ್ಟೆಗಂಟು ಮತ್ತು ಎಲೆಅಡಿಕೆ ಡಬ್ಬಿ ಹಿಡಿದು ಬಸ್ಸಿಳಿದು ಬಂದಳು. ಮಂಚದ ಮೇಲೆ ಕೂತು, ಕೊಟ್ಟ ನೀರು ಕುಡಿದು, ಎಲೆಗೆ ಸುಣ್ಣ ಹಚ್ಚಿದಳು. ಫುವಾಂಗ್ ಜಗಳಕ್ಕೆ ತಯಾರಾಗಿ ಕಂಬಕ್ಕೆ ಒರಗಿ ನಿಂತಳು.

"ನನ್ನ ಮಗನ ತಲೆ ಮೇಲೆ ಬೂಷ್ಟು ಹಾಕ್ತೀಯಂತೆ," ಎಂದಳು ಲೂನ್.

"ಗುಂಡಿ ಹತ್ರ ಅಲ್ಲಮ್ಮ. ಅಲ್ಲಿಂದ ತುಂಬಾ ಈಚೆಗೆ. ಆ ಕಡೆಗೆಲ್ಲ ಬೇಲಿ ಹಾಕ್ತಾರೆ."

"ಆಮೇಲೆ ಗಿಡ ನೆಡ್ತೀಯ. ಗಿಡ ಬೆಳೆಯುತ್ತೆ, ನೆರಳು ಬೀಳುತ್ತೆ, ಗುಂಡಿ ಕಣ್ಣಿಗೇ ಕಾಣಲ್ಲ. ಅವನನ್ನ ಮರೆಯೋಕೆ ಸುಲಭ."

"ಮರೆಯೋಕೆ ನೆನಪಾದ್ರೂ ಆಗ್ಬೇಕಲ್ಲಮ್ಮ," ಮಲಿಚನ್ ಯಾವಾಗಲೂ ಮಾತಾಡುವ ದನಿಯಲ್ಲೇ ಹೇಳಿದಳು. "ಅವರ ಮುಖ ನನಗೆ ಕಣ್ಣಿಗೆ ಬರಲ್ಲ. ಫೋಟೋ ನೋಡಿದ್ರೆ ಯಾರೋ ಅನ್ಸುತ್ತೆ. ನಾನು ಬೇಕೂಂತ ಮಾಡಿದ್ದಲ್ಲ."

ಫುವಾಂಗ್ ಕಂಬ ಬಿಟ್ಟು ಮಂಚದ ಅಂಚಿಗೆ ಬಂದು ಕೂತಳು. ಲೂನ್ ಎಲೆ ಬಾಯಿಗಿಡದೆ ಸೊಸೆಯನ್ನು ನೋಡಿದಳು. ಆಮೇಲೆ, "ಅನ್ನ ಇದೆಯೇನೇ?" ಎಂದು ಕೇಳಿದಳು. ಮಲಿಚನ್ ಬುಟ್ಟಿಯಲ್ಲಿದ್ದ ಅಂಟನ್ನ, ಹುಳಿಸಿದ ಮೀನಿನ ಚಟ್ನಿ ತಂದಿಟ್ಟಳು. ಎರಡು ದಿನ ಇದ್ದು ಹೋಗುತ್ತೇನೆ ಎಂದಿದ್ದ ಮುದುಕಿ ಸುಗ್ಗಿಯವರೆಗೂ ಹೋಗಲಿಲ್ಲ.

ಮಳೆ ಶುರುವಾದಾಗ ದಿಬ್ಬ ಏರಿಸಿ ಗಿಡ ನೆಟ್ಟರು. ಬಹುಪಾಲು ಉಪ್ಪು ತಾಳುವ ಒಂದು ಬಗೆಯ ಜಾಲಿ, ನಡುನಡುವೆ ಹುಣಸೆ. ಅರ್ಧ ಸಾಲುಗಳಿಗೆ ಬೇರಿನ ಅಡಿಗೆ ಒಂದೊಂದು ಹಿಡಿ ಚೀಲದ ಮಣ್ಣು ಹಾಕಿದರು, ಇನ್ನರ್ಧಕ್ಕೆ ಇಲ್ಲ. ಹಾಕಿದ ಸಾಲಿಗೆ ಕೆಂಪು ದಾರ ಕಟ್ಟಿದರು. ಲೂನ್ ಛತ್ರಿ ಹಿಡಿದು ಬದುವಿನ ಮೇಲೆ ಕೂತು ನೋಡುತ್ತಿದ್ದಳು.

"ಆ ಸಾಲಿಗೆ ಯಾಕೆ ಹಾಕಲ್ಲ? ಅವೇನು ಮಲಮಕ್ಕಳಾ?"

"ಹಾಕಿದ್ದಕ್ಕೂ ಹಾಕದೆ ಇದ್ದದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡ್ಬೇಕಲ್ಲ ಅಜ್ಜಿ," ಎಂದಳು ಅಚರಾ. "ಎಲ್ಲಕ್ಕೂ ಹಾಕಿದ್ರೆ ಬೂಷ್ಟಿನಿಂದ ಬದುಕ್ತೋ, ಮಳೆಯಿಂದ ಬದುಕ್ತೋ ಗೊತ್ತಾಗಲ್ಲ."

"ನಿಮಗೆ ಗೊತ್ತಾಗ್ಲಿ ಅಂತ ಅವು ಸಾಯ್ಬೇಕಾ?"

ಅಚರಾ ನಕ್ಕು ಮುಂದಿನ ಗಿಡಕ್ಕೆ ಕೈ ಹಾಕಿದಳು. ಅಂದಿನಿಂದ ದಾರವಿಲ್ಲದ ಸಾಲುಗಳಿಗೆ ಎಲ್ಲರೂ ಮಲಮಕ್ಕಳ ಸಾಲು ಎಂದೇ ಹೇಳತೊಡಗಿದರು, ಅಚರಾ ಕೂಡ.

ಮಳೆಗಾಲದಲ್ಲಿ ಎಲ್ಲ ಗಿಡವೂ ಒಂದೇ ತರ ಇದ್ದವು. ಮಳೆ ನಿಂತು, ಉತ್ತರದ ಒಣಗಾಳಿ ಬೀಸಿ, ನೆಲ ಮತ್ತೆ ಬೆಳ್ಳಗಾದಾಗ ಮಲಮಕ್ಕಳ ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದಿತು. ಕೆಂಪು ದಾರದವುಗಳಲ್ಲೂ ಕೆಲವು ಸತ್ತವು, ಆದರೆ ಉಳಿದವು ಹಸಿರಾಗಿ ನಿಂತಿದ್ದವು. ಮಲಿಚನ್ ದಿನಾ ಹೋಗಿ, ಹೇಳಿದಷ್ಟೇ ನೀರು, ಎಲ್ಲಕ್ಕೂ ಸಮವಾಗಿ, ಹಾಕಿ ಬರುತ್ತಿದ್ದಳು. ಒಣಗುತ್ತಿದ್ದವನ್ನು ಕಂಡರೆ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಸುಗ್ಗಿಗೆ ಊರಿಗೆ ಹೋಗಿದ್ದ ಲೂನ್ ಅಷ್ಟರಲ್ಲಿ ತಿರುಗಿ ಬಂದಿದ್ದಳು.

ಒಂದು ಬೆಳಗ್ಗೆ ಮಲಿಚನ್ ಗದ್ದೆಗೆ ಹೋದಾಗ ಮುದುಕಿ ಮಲಮಕ್ಕಳ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ, ಮನೆಯಲ್ಲಿಟ್ಟಿದ್ದ ಮಿಕ್ಕ ಮಣ್ಣಿನ ಚೀಲ. ಕೈಯಲ್ಲಿ ಗುದ್ದಲಿ. ಒಂದೊಂದು ಗಿಡದ ಬುಡವನ್ನೂ ಅಗೆದು ಹಿಡಿ ಹಿಡಿ ಮಣ್ಣು ತುರುಕುತ್ತಾ ಬಂದಿದ್ದಳು. ಎರಡು ಸಾಲು ಮುಗಿದು ಮೂರನೆಯದರ ಅರ್ಧಕ್ಕೆ ಬಂದಿದ್ದಳು. ಅಗೆದ ಗುಂಡಿಗಳ ಪಕ್ಕ ಕತ್ತರಿಸಿ ಬಿದ್ದ ಎಳೆ ಬೇರುಗಳು ಬಿಸಿಲಿಗೆ ಒಣಗುತ್ತಿದ್ದವು.

"ಯಾರು ಮುಟ್ಟು ಅಂದ್ರು ನಿಂಗೆ?"

ಆ ದನಿ ತನ್ನದೆಂದು ಮಲಿಚನ್‌ಗೆ ತಡವಾಗಿ ತಿಳಿಯಿತು. ಅತ್ತೆಯೊಡನೆ ಬಹುವಚನ ಬಿಟ್ಟು ಅವಳು ಎಂದೂ ಮಾತಾಡಿದವಳಲ್ಲ. ಓಡಿ ಹೋಗಿ ಗುದ್ದಲಿ ಕಿತ್ತುಕೊಂಡು ಬದುವಿನಾಚೆ ಎಸೆದಳು.

"ಬೇರೆಲ್ಲಾ ಕಡಿದು ಹಾಕಿದೀಯ. ನೋಡು, ಕಣ್ಣು ಬಿಟ್ಟು ನೋಡು. ಇನ್ನೂ ಹತ್ತು ದಿನ ಬದುಕ್ತಿದ್ದದ್ದು ನಾಳೇನೇ ಸಾಯುತ್ತೆ. ನಾನು ಬೆಂಕಿ ಮುಂದೆ ಕೂತು ಬೇಯಿಸಿದ ಮಣ್ಣು ಅದು. ವರ್ಷದ ಕೆಲಸ. ಯಾವುದು ಹಾಕಿದ್ದು, ಯಾವುದು ಹಾಕದೆ ಇದ್ದದ್ದು, ಇನ್ನು ಯಾರಿಗೆ ಗೊತ್ತಾಗುತ್ತೆ? ಮುದುಕಿ ಅಂತ ಮನೇಲಿಟ್ಕೊಂಡ್ರೆ ಮನೆಗೇ ಕನ್ನ ಹಾಕ್ತೀಯ."

ಇನ್ನೂ ಏನೇನೋ ಬೈದಳು. ಮೇಲಿನ ಗದ್ದೆಯಲ್ಲಿ ಹುಲ್ಲು ಕಟ್ಟುತ್ತಿದ್ದವರು ಕೆಲಸ ಬಿಟ್ಟು ನಿಂತರು. ಯಾರೋ ಓಡಿ ಫುವಾಂಗ್‌ಗೆ ಹೇಳಿದರು. ಅವಳು ಏದುಸಿರು ಬಿಡುತ್ತಾ ಬಂದು, ಬಿಡಿಸಲು ಹೋಗದೆ ಗದ್ದೆಯ ಬೇಲಿ ಹಿಡಿದು ನಿಂತುಬಿಟ್ಟಳು.

"ಬಿಡಿಸೇ ಅವಳನ್ನ," ಎಂದಳು ಪಕ್ಕದವಳು.

"ಬೈಲಿ ಬಿಡು. ಎಷ್ಟು ಚೆನ್ನಾಗಿ ಬೈತಿದಾಳೆ," ಎಂದಳು ಫುವಾಂಗ್. ಅವಳ ಕಣ್ಣಲ್ಲಿ ನೀರಿತ್ತು.

ಲೂನ್ ತಲೆಯೆತ್ತಲಿಲ್ಲ. ಮಣ್ಣು ಮೆತ್ತಿದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡಳು. ಸೊಸೆಯ ಉಸಿರು ಸಾಲದಾದಾಗ ಹೇಳಿದಳು:

"ಸಾಯ್ತಾ ಇದ್ವು ಕಣೇ. ನೋಡ್ಕೊಂಡು ಹೇಗೆ ಸುಮ್ನಿರ್ಲಿ?"

ಮಲಿಚನ್ ಮುದುಕಿಯ ಪಕ್ಕಕ್ಕೆ ಬಂದಳು. ಅಲ್ಲೇ ಬಿಳಿ ನೆಲದ ಮೇಲೆ ಕೂತಳು. ಬೇಲಿಯ ಹತ್ತಿರ ನಿಂತವರು ಒಬ್ಬೊಬ್ಬರಾಗಿ ಕರಗಿದರು. ಫುವಾಂಗ್ ಕೂಡ ಹೋದಳು.

"ಅವತ್ತು ಬೆಳಗ್ಗೆ ನಿಮ್ಮ ಮಗ ನನ್ನ ಎಬ್ಬಿಸಿದ್ರು," ಎಂದಳು ಮಲಿಚನ್, ಕತ್ತರಿಸಿ ಬಿದ್ದ ಬೇರೊಂದನ್ನು ಎತ್ತಿಕೊಂಡು. "ಕತ್ತಿಗೆ ಸುತ್ತೋ ಚೌಕಳಿ ಬಟ್ಟೆ ಎಲ್ಲಿ ಅಂತ ಕೇಳಿದ್ರು. ನನಗೆ ನಿದ್ದೆ. ಎಲ್ಲೋ ಇದೆ, ಹುಡುಕ್ಕೊಳ್ಳಿ ಅಂದೆ. ಹುಡುಕಲಿಲ್ಲ, ಹಾಗೇ ಹೋದ್ರು. ಮೆಟ್ಟಿಲು ಇಳಿಯೋವಾಗ ಬರೀ ಕತ್ತು ಕಾಣಿಸ್ತು. ಹಿಂದೆ ಬಿಸಿಲಿಗೆ ಕಪ್ಪಾಗಿತ್ತು, ಕಾಲರಿನ ಗೆರೆ ಬಿದ್ದಿತ್ತು."

"ಮುಖ?"

"ಮುಖ ಇಲ್ಲ. ಈಗ ಕತ್ತು ಬಂತು."

ಲೂನ್ ಅತ್ತಳು. ಸದ್ದಿಲ್ಲದೆ, ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾ ಅತ್ತಳು. ಮಲಿಚನ್ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಅಳು ಬರಲಿಲ್ಲ. ಬಿಸಿಲು ಏರಿದ ಮೇಲೆ ಎದ್ದು ಹೋಗಿ ಗುದ್ದಲಿ ಹುಡುಕಿ ತಂದು, ಬಿಚ್ಚಿದ ಬೇರುಗಳ ಮೇಲೆ ಮಣ್ಣೆಳೆದಳು. ಸಂಜೆಯ ಹೊತ್ತಿಗೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮತ್ತೆ ಅದೇ ಮರಗಟ್ಟಿದ ಹಾಗೆ. ಆದರೆ ಅಂದು ಅವಳಿಗೆ ಹಸಿವಾಗಿತ್ತು. ಯಾರೂ ಹೇಳದೆ ತಾನೇ ಅನ್ನದ ಬುಟ್ಟಿ ಇಳಿಸಿಕೊಂಡಳು.

ಅಚರಾಗೆ ಮರುದಿನವೇ ಹೇಳಿದಳು. ಅಚರಾ ಬಂದು ಸಾಲುಗಳನ್ನು ನೋಡಿ ಹಣೆಗೆ ಕೈ ಹಚ್ಚಿಕೊಂಡಳು. ಅಗೆದ ಗಿಡಗಳು ಆಗಲೇ ಜೋತುಬಿದ್ದಿದ್ದವು. "ಈ ಸಾಲುಗಳು ಲೆಕ್ಕಕ್ಕಿಲ್ಲ," ಎಂದಳು. ಅವಳಿಗೆ ಬೇಸರವಾಗಿತ್ತು, ಮುಚ್ಚಿಡಲಿಲ್ಲ. ಸ್ವಲ್ಪ ದೂರ ಒಬ್ಬಳೇ ನಡೆದುಹೋಗಿ ಬಂದಳು. "ಮುಂದಿನ ಮಳೆಗೆ ಇಷ್ಟನ್ನ ಮತ್ತೆ ನೆಡೋಣ ಅಕ್ಕ. ಅಜ್ಜಿಗೆ ಅಂತ ನಾಲ್ಕು ಹುಣಸೆ ಬೇರೇನೇ ಕೊಡ್ತೀನಿ. ಅವಕ್ಕೆ ಎಷ್ಟು ಬೇಕಾದ್ರೂ ಹಾಕ್ಲಿ."

ಮತ್ತೆ ನೆಟ್ಟರು. ಮಲಮಕ್ಕಳು ಮತ್ತೆ ಕಂದಿದವು, ಮತ್ತೆ ಕೆಲವು ಸತ್ತವು. ಲೂನ್ ಆ ಕಡೆಗೆ ಬೆನ್ನು ಹಾಕಿ ಕೂತು ತನ್ನ ಹುಣಸೆಗಿಡಗಳಿಗೆ ನೀರು ಹನಿಸುತ್ತಿದ್ದಳು. ಅವುಗಳಲ್ಲಿ ಮೂರು ನಿಂತವು.

ಕೆಲವು ವರ್ಷ ಕಳೆದು, ಈಗ ಆ ತಗ್ಗಿನಲ್ಲಿ ಜಾಲಿಯ ನೆರಳಿದೆ. ಉದುರಿದ ಎಲೆಯ ಕೆಳಗೆ ನೆಲ ಬೆಳ್ಳಗಾಗುವುದು ಕಡಿಮೆಯಾಗಿದೆ, ಹುಲ್ಲು ಬಂದಿದೆ, ಊರ ದನಗಳು ಮೇಯಲು ಬರುತ್ತವೆ. ಎಲ್ಲ ಕಡೆಯೂ ಹಾಗಿಲ್ಲ. ಗುಂಡಿಯ ಸುತ್ತ ಬೇಲಿಯೊಳಗೆ ನೆಲ ಇನ್ನೂ ಬಿಳಿ, ಅಲ್ಲಿ ಏನೂ ಏಳುವುದಿಲ್ಲ. ಮೇಲಂಚಿನ ಒಂದು ಪಟ್ಟಿಯಲ್ಲಿ ಮಲಿಚನ್ ಭತ್ತ ಹಾಕಿದ್ದಳು. ತೆನೆ ತೆಳ್ಳಗೆ, ಅರ್ಧ ಜೊಳ್ಳು. ಆದರೂ ಫುವಾಂಗ್ ಒಂದು ಹಿಡಿ ತೆನೆ ಕೊಯ್ದು ಮನೆಯ ಬಾಗಿಲಿಗೆ ಕಟ್ಟಿದಳು. ಅಚರಾ ಮಲಿಚನ್‌ಳನ್ನು ಬೇರೆ ಊರುಗಳಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅವಳು ಡ್ರಮ್ಮಿಗೆ ಬೆಂಕಿ ಹಾಕುವುದನ್ನು, ಬೇರು ಕೊಚ್ಚುವುದನ್ನು ತೋರಿಸುತ್ತಾಳೆ. ಹೆಚ್ಚು ಮಾತಾಡುವುದಿಲ್ಲ. ಒಂದು ಊರಿನಲ್ಲಿ ಯಾರೋ ಹೆಂಗಸು, ಗಂಡ ಸತ್ತು ಎಷ್ಟು ವರ್ಷವಾಯಿತು, ಮರೆತಿರಾ ಎಂದು ಕೇಳಿದಳಂತೆ. "ಬೇರು ಇನ್ನೂ ಸಣ್ಣಗೆ ಕೊಚ್ಚಿ," ಎಂದು ಇವಳು ಹೇಳಿದಳಂತೆ. ಮಲಿಚನ್ ಅತ್ತದ್ದನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ.

ಈ ಸಲದ ಸೊಂಗ್‌ಕ್ರಾನ್ ಹಬ್ಬಕ್ಕೆ ಫುವಾಂಗ್ ಬಟ್ಟಲಲ್ಲಿ ಮಲ್ಲಿಗೆ ತೇಲಿಸಿದ ನೀರು ತಂದುಕೊಟ್ಟಳು. ಹೊಸ ವರ್ಷಕ್ಕೆ ಹಿರಿಯರ ಕೈ ಮೇಲೆ ನೀರು ಸುರಿದು ಹರಕೆ ಕೇಳಬೇಕು. ಗಂಡ ಹೋದ ಮೇಲೆ ಮಲಿಚನ್ ಅದನ್ನು ಮಾಡಿರಲಿಲ್ಲ. ಮಂಚದ ಮುಂದೆ ಮೊಣಕಾಲೂರಿ ಲೂನ್‌ಳ ಬೊಗಸೆಯ ಮೇಲೆ ನೀರು ಬಿಟ್ಟಳು. ಮುದುಕಿ ಒದ್ದೆ ಕೈಯನ್ನು ಸೊಸೆಯ ತಲೆಯ ಮೇಲೆ ಸವರಿ, ಕಾಯಿಲೆ ಬಾರದಿರಲಿ, ಹೊಟ್ಟೆ ತಂಪಾಗಿರಲಿ ಎಂದು ಎಲ್ಲರೂ ಹೇಳುವುದನ್ನೇ ಹೇಳಿದಳು.

"ಅಮ್ಮ, ಮಳೆಗೆ ಮುಂಚೆ ಊರಿಗೆ ಹೋಗಿ ಬರ್ತೀರಾ?" ಎಂದು ಮಲಿಚನ್ ಕೇಳಿದಳು.

"ಯಾವ ಊರಿಗೆ?" ಎಂದಳು ಲೂನ್, ಕೈ ಒರೆಸಿಕೊಳ್ಳುತ್ತಾ.